ವಾರ್ಸಾದ ಹಳೆಯ ಪೇಟೆ

ಪೋಲೆಂಡ್ ದೇಶದ ರಾಜಧಾನಿಯಾದ ವಾರ್ಸಾ ನಗರವು ವಿಸ್ತುಲಾ ನದಿಯ ಎರಡು ದಂಡೆಗಳ ಮೇಲೂ ಹರಡಿಕೊಂಡಿದೆ. ಎಡದಂಡೆಯ ಎತ್ತರವಾದ ದಿಬ್ಬದ ಮೇಲೆ, ಕೆಂಪು ಹೆಂಚಿನ ಮಾಡುಗಳಿಂದ ಕೂಡಿದ ಒಂದು ಚಿಕ್ಕ ವಸತಿ ಕಾಣುತ್ತದೆ. ಅಲ್ಲಿಯ ಜನರು ಅದನ್ನು ‘ಸ್ತಾರೆ ಮ್ಯಾಸ್ತೊ’ ಎಂದು ಕರೆಯುತ್ತಾರೆ. ಹಳೆಯ ಪೇಟೆ ಎಂದು ಆ ಮಾತಿನ ಅರ್ಥ. 13ನೆಯ ಶತಮಾನದ ಕೊನೆಯ ಹೊತ್ತಿಗೆ ಹುಟ್ಟಿಕೊಂಡ ಈ ಪೇಟೆಯು ಅಷ್ಟೇನೂ ದೊಡ್ಡದಲ್ಲ. ಬಿರುಸಾಗಿ ನಡೆಯುವವನು ಅರ್ಧ ಗಂಟೆಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಹಿಂದಿರುಗಿ ಬರಬಹುದು. ಆದರೆ ಹಾಗೆ ನಡೆದವನು ಏನನ್ನೂ ನೋಡಿದಂತಾಗುವುದಿಲ್ಲ. ಈ ಪೇಟೆಯ ಕಥೆಯು ಗೋಡೆಯ ಇಟ್ಟಿಗೆಗಳಲ್ಲಿ, ಬಾಗಿಲುವಾಡದ ಕಲ್ಲುಗಳಲ್ಲಿ, ಕಾಲ ಕೆಳಗಿನ ಹಾಸುಗಲ್ಲುಗಳಲ್ಲಿ ಅಡಗಿದೆ. ನಿಂತು ನಿಂತು, ಕತ್ತೆತ್ತಿ, ತಲೆ ತಗ್ಗಿಸಿ ನೋಡುತ್ತ ಹೋದವನಿಗೆ ಮಾತ್ರ ಅದು ತಿಳಿಯುತ್ತದೆ.

ಮೊದಲ ಸಲ ಇಲ್ಲಿಗೆ ಬಂದ ಪ್ರವಾಸಿಯು ಮೋಸಹೋಗುವುದು ಸಹಜ. ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಮನೆಗಳ ಸಾಲು, ಕಿರಿದಾದ ಓಣಿಗಳು, ಬಣ್ಣ ಮಾಸಿದ ಗಾರೆಯ ಮೇಲಿನ ಚಿತ್ತಾರಗಳು, ಇವನ್ನೆಲ್ಲ ಕಂಡು ‘ಐದಾರು ನೂರು ವರ್ಷಗಳಿಂದ ಇವು ಹೀಗೆಯೇ ನಿಂತಿವೆ’ ಎಂದು ಅವನು ಭಾವಿಸುತ್ತಾನೆ. ನಿಜಸಂಗತಿ ಬೇರೆ. ಈ ಮನೆಗಳಲ್ಲಿ ಬಹುಪಾಲು 1950ರ ದಶಕದ ಕಟ್ಟಡಗಳು. ಆ ಬೀದಿಗಳಲ್ಲಿ ಊರುಗೋಲು ಹಿಡಿದು ನಡೆಯುವ ಅಜ್ಜಿಯಂದಿರಲ್ಲಿ ಕೆಲವರು ಈ ‘ಹಳೆಯ’ ಮನೆಗಳಿಗಿಂತ ವಯಸ್ಸಿನಲ್ಲಿ ಹಿರಿಯರು.

ಪೇಟೆಯನ್ನು ನೋಡಲು ಬರುವವರು ಸಾಮಾನ್ಯವಾಗಿ ದಕ್ಷಿಣ ತುದಿಯಲ್ಲಿರುವ ಅರಮನೆ ಚೌಕದಿಂದ ಹೊರಡುತ್ತಾರೆ. ಚೌಕದ ನಡುವೆ 22 ಮೀಟರು ಎತ್ತರದ ಒಂದು ಸ್ತಂಭವಿದೆ. ಅದರ ತುದಿಯಲ್ಲಿ ಒಂದು ಕೈಯಲ್ಲಿ ಶಿಲುಬೆಯನ್ನೂ ಇನ್ನೊಂದು ಕೈಯಲ್ಲಿ ಖಡ್ಗವನ್ನೂ ಹಿಡಿದ ಮೂರನೆಯ ಜಿಗ್ಮುಂಟ್ ದೊರೆಯ ಕಂಚಿನ ಪ್ರತಿಮೆ ನಿಂತಿದೆ. ರಾಜಧಾನಿಯನ್ನು ಕ್ರಾಕೋವ್ ನಗರದಿಂದ ವಾರ್ಸಾಕ್ಕೆ ತಂದವನು ಈ ದೊರೆ. ಅವನ ಮಗನು 1644ರಲ್ಲಿ ತಂದೆಯ ನೆನಪಿಗಾಗಿ ಇದನ್ನು ನಿಲ್ಲಿಸಿದನು. ಮುನ್ನೂರು ವರ್ಷಗಳ ಬಳಿಕ, 1944ರ ಸೆಪ್ಟೆಂಬರ್ ಆರಂಭದಲ್ಲಿ, ಜರ್ಮನ್ ಸೈನ್ಯದ ಹೊಡೆತಕ್ಕೆ ಸ್ತಂಭವು ಮುರಿದು ದೊರೆಯು ನೆಲಕ್ಕುರುಳಿದನು. ಪ್ರತಿಮೆಗೆ ಪೆಟ್ಟು ಬಿದ್ದಿತ್ತಾದರೂ ಅದು ನಾಶವಾಗಿರಲಿಲ್ಲ. 1949ರಲ್ಲಿ ಹೊಸ ಕಂಬವನ್ನು ಕಡೆಸಿ ಅದೇ ಪ್ರತಿಮೆಯನ್ನು ಮತ್ತೆ ಮೇಲೇರಿಸಲಾಯಿತು. ಅಲ್ಲಿಗೇ ನೋಟ ಮುಗಿಯಲಿಲ್ಲ. ಸ್ವಲ್ಪ ದೂರ ನಡೆದು ಅರಮನೆಯ ಪಕ್ಕಕ್ಕೆ ಹೋದರೆ ಹುಲ್ಲಿನ ಮೇಲೆ ಎರಡು ಹಳೆಯ ಕಂಬಗಳ ತುಂಡುಗಳು ಮಲಗಿವೆ. ಒಂದು 17ನೆಯ ಶತಮಾನದ್ದು; ಅದು ಶಿಥಿಲವಾದಾಗ 19ನೆಯ ಶತಮಾನದಲ್ಲಿ ಹಾಕಿದ್ದು ಇನ್ನೊಂದು. ಯುದ್ಧದಲ್ಲಿ ಮುರಿದುಬಿದ್ದದ್ದು ಈ ಎರಡನೆಯದು. ಹೊಸ ಕಂಬವನ್ನು ನಿಲ್ಲಿಸಿದವರು ಹಳೆಯ ತುಂಡುಗಳನ್ನು ಮರೆಮಾಡಲಿಲ್ಲ. ಮಕ್ಕಳು ಅವುಗಳ ಮೇಲೆ ಹತ್ತಿ ಆಡುತ್ತಾರೆ.

ಈ ಪೇಟೆಗೆ ಒದಗಿದ ವಿಪತ್ತು ಯುದ್ಧದ ನಡುವೆ ಅಕಸ್ಮಾತ್ತಾಗಿ ಬಂದುದಲ್ಲ. 1939ರ ಸೆಪ್ಟೆಂಬರಿನಲ್ಲಿ ಜರ್ಮನಿಯು ಪೋಲೆಂಡನ್ನು ಆಕ್ರಮಿಸಿತು. ಐದು ವರ್ಷ ಆ ಆಳ್ವಿಕೆಯನ್ನು ಸಹಿಸಿದ ವಾರ್ಸಾದ ಜನರು 1944ರ ಆಗಸ್ಟ್ 1ರಂದು ಬಂಡೆದ್ದರು. 63 ದಿನಗಳ ಕಾಲ ನಡೆದ ಆ ಹೋರಾಟದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಾಗರಿಕರು ಮಡಿದರೆಂದು ಅಂದಾಜು ಮಾಡಲಾಗಿದೆ. ಹೋರಾಟವು ಮುಗಿದ ಮೇಲೆ ಉಳಿದ ಜನರನ್ನೆಲ್ಲ ಊರಿನಿಂದ ಹೊರಗೆ ಅಟ್ಟಲಾಯಿತು. ಬಳಿಕ ಬರಿದಾದ ನಗರದಲ್ಲಿ ಬೆಂಕಿ ಹಚ್ಚುವ ತಂಡಗಳೂ ಸಿಡಿಮದ್ದಿನ ತಂಡಗಳೂ ಬೀದಿಯಿಂದ ಬೀದಿಗೆ ಹೋಗಿ ಕೆಲಸ ಮಾಡಿದವು. ಗ್ರಂಥಾಲಯಗಳು, ಪತ್ರಾಗಾರಗಳು, ಚರ್ಚುಗಳು, ಹಿಂದಿನವರ ಸ್ಮಾರಕಗಳು ವಿಶೇಷವಾಗಿ ಗುರಿಯಾದವು. ಗುಂಡು ಹಾರಿಸಲು ಎದುರಾಳಿಯೇ ಇಲ್ಲದ ಊರಿನಲ್ಲಿ ಈ ಕೆಲಸವು ಮೂರು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. 1945ರ ಜನವರಿಯಲ್ಲಿ ಯುದ್ಧವು ಮುಂದೆ ಸರಿದಾಗ ನಗರದ ಐತಿಹಾಸಿಕ ಭಾಗದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲು ನೆಲಸಮವಾಗಿತ್ತು. ಜನರನ್ನು ಸೋಲಿಸುವುದು ಒಂದು. ಅವರು ಅಲ್ಲಿ ಇದ್ದರೆಂಬ ಗುರುತನ್ನೇ ಅಳಿಸುವುದು ಇನ್ನೊಂದು. ವಾರ್ಸಾದಲ್ಲಿ ನಡೆದದ್ದು ಎರಡನೆಯದು.

ರಾಜಧಾನಿಯನ್ನು ವುಜ್ ನಗರಕ್ಕೆ ಒಯ್ಯಬಾರದೇಕೆ ಎಂಬ ಮಾತೂ ಆಗ ಬಂದಿತ್ತು. ಆದರೆ ಊರು ತೊರೆದವರು ಅನುಮತಿಗಾಗಿ ಕಾಯಲಿಲ್ಲ. ಚಳಿಗಾಲದ ಹಿಮದಲ್ಲೇ ಅವರು ತಿರುಗಿ ಬಂದು ಅರೆಬಿದ್ದ ಗೋಡೆಗಳ ಮರೆಯಲ್ಲಿ ಒಲೆ ಹೂಡಿದರು. 1945ರ ಫೆಬ್ರವರಿಯಲ್ಲಿ ರಾಜಧಾನಿಯ ಪುನರ್ನಿರ್ಮಾಣ ಕಚೇರಿಯು ಆರಂಭವಾಯಿತು. ಅಲ್ಲಿ ಐತಿಹಾಸಿಕ ಕಟ್ಟಡಗಳ ವಿಭಾಗದ ಹೊಣೆ ಹೊತ್ತವರು ವಾಸ್ತುಶಿಲ್ಪಿ ಯಾನ್ ಜಾಖ್ವಾತೋವಿಚ್. ಹಳೆಯ ಕಟ್ಟಡಗಳನ್ನು ಕಾಪಾಡುವ ಶಾಸ್ತ್ರದಲ್ಲಿ ಅಂದು ಒಂದು ನಿಯಮವಿತ್ತು: ಉಳಿದದ್ದನ್ನು ಉಳಿಸಬೇಕು, ಇಲ್ಲವಾದುದನ್ನು ಮತ್ತೆ ಕಟ್ಟಿ ಹಳೆಯದೆಂದು ತೋರಿಸಬಾರದು. ಆ ನಿಯಮವನ್ನು ಜಾಖ್ವಾತೋವಿಚ್ ಚೆನ್ನಾಗಿ ಬಲ್ಲವರು. ತಾವು ಅದನ್ನು ಮೀರುತ್ತಿದ್ದೇವೆಂಬುದೂ ಅವರಿಗೆ ತಿಳಿದಿತ್ತು. ಆದರೆ ಒಂದು ಜನಾಂಗದ ನೆನಪನ್ನು ಬೇಕೆಂದೇ ಕಿತ್ತೊಗೆದಾಗ ಆ ಜನಾಂಗವು ಅದಕ್ಕೆ ಒಪ್ಪಿ ಸುಮ್ಮನಿರಲಾಗದು, ಮುಂದಿನ ತಲೆಮಾರಿಗೆ ಅದನ್ನು ಒಪ್ಪಿಸಲೇಬೇಕು ಎಂಬುದು ಅವರ ವಾದವಾಗಿತ್ತು.

ಆದರೆ ಬರಿಯ ಸಂಕಲ್ಪದಿಂದ ಮನೆ ಏಳುವುದಿಲ್ಲ. ಕಿಟಕಿಯ ಅಗಲವೆಷ್ಟು, ಮೆಟ್ಟಿಲು ಎಷ್ಟು, ಮಾಡಿನ ಇಳಿಜಾರು ಹೇಗಿತ್ತು ಎಂಬುದು ಗೊತ್ತಿರಬೇಕು. ಇಲ್ಲಿ ನೆರವಿಗೆ ಬಂದವರು ವಿದ್ಯಾರ್ಥಿಗಳು. ಯುದ್ಧಕ್ಕೆ ಮುಂಚೆ ವಾರ್ಸಾದ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕ ಓಸ್ಕರ್ ಸೊಸ್ನೋವ್ಸ್ಕಿಯವರು ಪೋಲೆಂಡಿನ ವಾಸ್ತುಶಿಲ್ಪದ ಅಧ್ಯಯನಕ್ಕಾಗಿ ಒಂದು ವಿಭಾಗವನ್ನು ನಡೆಸುತ್ತಿದ್ದರು. ಅವರ ಶಿಷ್ಯರು ಹಳೆಯ ಕಟ್ಟಡಗಳನ್ನು ಅಳತೆಪಟ್ಟಿ ಹಿಡಿದು ಅಳೆದು ನಕ್ಷೆ ಬರೆಯುತ್ತಿದ್ದರು. ಅದು ಪಾಠದ ಒಂದು ಭಾಗ. ಪರೀಕ್ಷೆಗೆ ಮಾಡಬೇಕಾದ ಅಭ್ಯಾಸ. ಬೇಸರದಿಂದ ಆಕಳಿಸುತ್ತ ಅಳತೆ ಬರೆದುಕೊಂಡ ಹುಡುಗರೂ ಅವರಲ್ಲಿ ಇದ್ದಿರಬೇಕು. 1939ರಲ್ಲಿ ನಗರವು ಮುತ್ತಿಗೆಗೆ ಸಿಕ್ಕಿದಾಗ ಸೊಸ್ನೋವ್ಸ್ಕಿಯವರು ತೀವ್ರವಾಗಿ ಗಾಯಗೊಂಡು ಅಸುನೀಗಿದರು. ಅವರ ಸಂಗಡಿಗರು ಆ ನಕ್ಷೆಗಳನ್ನು ಬಚ್ಚಿಟ್ಟು ಕಾಪಾಡಿದರು. ಪರಕೀಯರ ಆಳ್ವಿಕೆಯಲ್ಲಿಯೂ ಗುಟ್ಟಾಗಿ ಅಳೆಯುವ ಕೆಲಸವನ್ನು ಮುಂದುವರಿಸಿದರು. 1944ರಲ್ಲಿ ಬಂಡಾಯವು ಸೋತ ಬಳಿಕ ಆ ಕಾಗದಗಳನ್ನು ನಗರದಿಂದ ಸಾಗಿಸಿ ಪಿಯೋತ್ರ್ಕೂಫ್ ಎಂಬ ಪಟ್ಟಣದ ಒಂದು ಕ್ರೈಸ್ತ ಮಠದಲ್ಲಿ ಅಡಗಿಸಿಡಲಾಯಿತು. ಮನೆಗಳು ಬಿದ್ದುಹೋದವು, ಮನೆಗಳ ಅಳತೆ ಉಳಿಯಿತು.

ಚಿತ್ರಗಳೂ ಸಾಕ್ಷಿ ನುಡಿದವು. 18ನೆಯ ಶತಮಾನದಲ್ಲಿ ವೆನಿಸ್‌ನ ಚಿತ್ರಕಾರ ಬರ್ನಾರ್ದೊ ಬೆಲ್ಲೊತ್ತೊ ವಾರ್ಸಾದ ಆಸ್ಥಾನದಲ್ಲಿದ್ದನು. ಅವನು 1770ರಿಂದ 1780ರವರೆಗೆ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಗರದ ಬೀದಿಗಳನ್ನೂ ಕಟ್ಟಡಗಳನ್ನೂ ಬಿಡಿಸಿದನು. ಮಸೂರವಿರುವ ಕತ್ತಲೆಪೆಟ್ಟಿಗೆಯ ಸಹಾಯದಿಂದ ಗೆರೆ ಹಾಕುತ್ತಿದ್ದುದರಿಂದ ಅವನ ಚಿತ್ರಗಳಲ್ಲಿ ಕಟ್ಟಡಗಳ ಪ್ರಮಾಣವು ಬಹುಮಟ್ಟಿಗೆ ನಂಬುವಂತಿತ್ತು. ಇಡೀ ಪೇಟೆಯನ್ನು ಬೆಲ್ಲೊತ್ತೊನ ಚಿತ್ರ ನೋಡಿಯೇ ಕಟ್ಟಿದರು ಎಂದು ಹೇಳುವವರಿದ್ದಾರೆ. ಕಥೆಯಾಗಿ ಅದು ಸೊಗಸು, ಆದರೆ ಪೂರ್ತಿ ಸರಿಯಲ್ಲ. ಅವನು ಹೆಚ್ಚಾಗಿ ಬಿಡಿಸಿದ್ದು ಅರಮನೆಯ ಸುತ್ತಮುತ್ತಲನ್ನು ಮತ್ತು ಅಲ್ಲಿಂದ ದಕ್ಷಿಣಕ್ಕೆ ಸಾಗುವ ರಾಜಬೀದಿಯನ್ನು. ಕೆಲವು ಕಡೆ ಕಣ್ಣಿಗೆ ಕಂಡದ್ದಕ್ಕೆ ತನ್ನ ಕಲ್ಪನೆಯನ್ನೂ ಬೆರೆಸಿದ್ದನು. ಪೇಟೆಯ ಒಳಗಿನ ಮನೆಗಳಿಗೆ ವಿದ್ಯಾರ್ಥಿಗಳ ನಕ್ಷೆ, ಹಳೆಯ ಛಾಯಾಚಿತ್ರ, ಬಿದ್ದ ಗೋಡೆಗಳ ತಳಪಾಯ, ಇವೇ ಮುಖ್ಯ ಆಧಾರಗಳಾದವು.

ಚೌಕದ ಪೂರ್ವಕ್ಕೆ ನಿಂತಿರುವ ಅರಮನೆಯು ಎಲ್ಲಕ್ಕಿಂತ ತಡವಾಗಿ ಎದ್ದಿತು. 1939ರ ಸೆಪ್ಟೆಂಬರ್ 17ರಂದು ಅದಕ್ಕೆ ಬೆಂಕಿ ಬಿದ್ದು ಗೋಪುರದ ಗಡಿಯಾರವು ಹನ್ನೊಂದೂ ಕಾಲು ಗಂಟೆಗೆ ನಿಂತುಹೋಯಿತು. ಆಗ ಸ್ತಾನಿಸ್ವಾಫ್ ಲೊರೆಂತ್ಸ್ ಎಂಬ ವಸ್ತುಸಂಗ್ರಹಾಲಯದ ಮುಖ್ಯಸ್ಥರೂ ಅವರ ಸಹೋದ್ಯೋಗಿಗಳೂ ಚಿತ್ರಗಳನ್ನು, ಬಾಗಿಲುಗಳನ್ನು, ಗಾರೆಯ ಅಲಂಕಾರದ ಚೂರುಗಳನ್ನು ಸಹ ಹೊರಗೆ ಸಾಗಿಸಿದರು. ಗಾರೆಯ ಒಂದು ಚೂರನ್ನು ಉಳಿಸುವುದಕ್ಕಾಗಿ ಪ್ರಾಣವನ್ನು ಒತ್ತೆಯಿಡುವುದು ಹುಚ್ಚೆಂದು ಆಗ ಕೆಲವರಿಗೆ ತೋರಿರಬಹುದು. ಜರ್ಮನರು ಅರಮನೆಯ ಗೋಡೆಗಳಲ್ಲಿ ಸಾವಿರಾರು ರಂಧ್ರಗಳನ್ನು ಕೊರೆಸಿಟ್ಟಿದ್ದರು. 1944ರಲ್ಲಿ ಅವುಗಳಿಗೆ ಸಿಡಿಮದ್ದು ತುಂಬಿ ಅದನ್ನು ಹಾರಿಸಿಬಿಟ್ಟರು. ಯುದ್ಧಾನಂತರ ಬಂದ ಕಮ್ಯುನಿಸ್ಟ್ ಸರ್ಕಾರಕ್ಕೆ ಕುಶಲಕರ್ಮಿಗಳ ಪೇಟೆಯನ್ನು ಕಟ್ಟುವ ಉತ್ಸಾಹವಿತ್ತು, ರಾಜರ ಅರಮನೆಯ ವಿಷಯದಲ್ಲಿ ಹಿಂಜರಿಕೆಯಿತ್ತು. ಕಾಲು ಶತಮಾನ ಅಲ್ಲಿ ಬರಿಯ ಬಯಲಿತ್ತು. 1971ರಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿದಾಗ ಜನರು ತಾವಾಗಿ ಹಣ ಕೂಡಿಸಿದರು. ಲೊರೆಂತ್ಸ್ ಮತ್ತು ಸಂಗಡಿಗರು ಉಳಿಸಿದ ಚೂರುಗಳು ಹೊಸ ಗೋಡೆಗಳಲ್ಲಿ ತಮ್ಮ ತಮ್ಮ ಜಾಗವನ್ನು ಸೇರಿದವು. 1974ರ ಜುಲೈ 19ರಂದು ಗೋಪುರದ ಗಡಿಯಾರಕ್ಕೆ ಚಾಲನೆ ಕೊಟ್ಟಾಗ ಅದು ಹನ್ನೊಂದೂ ಕಾಲರಿಂದ ಮುಂದಕ್ಕೆ ನಡೆಯಿತು. 1984ರಲ್ಲಿ ಅರಮನೆಯ ಬಾಗಿಲು ಜನರಿಗೆ ತೆರೆಯಿತು. ಯುದ್ಧಕಾಲದಲ್ಲಿ ಲೂಟಿಯಾಗಿ ಹಿಂದಿರುಗಿದ ಬೆಲ್ಲೊತ್ತೊನ ಚಿತ್ರಗಳನ್ನು ಇಂದು ಅಲ್ಲಿಯೇ ನೋಡಬಹುದು.

ಚೌಕದಿಂದ ಉತ್ತರಕ್ಕೆ ಹೊರಟ ಬೀದಿಯಲ್ಲಿ ಬಲಗಡೆಗೆ ಸಂತ ಯೋಹಾನರ ಪ್ರಧಾನ ಚರ್ಚು ಇದೆ. ಇದರ ಇಟ್ಟಿಗೆಯ ಮುಖವು ಪೇಟೆಯ ಕಟ್ಟಡಗಳಲ್ಲೆಲ್ಲ ಬಹು ಪುರಾತನವಾದುದಾಗಿ ತೋರುತ್ತದೆ. ವಿನೋದವೆಂದರೆ, 1944ರಲ್ಲಿ ಬಿದ್ದುಹೋದ ಚರ್ಚಿಗೆ ಈ ಮುಖವಿರಲಿಲ್ಲ. ಅದಕ್ಕೆ 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚುಗಳ ಮಾದರಿಯ ಅಲಂಕೃತ ಮುಖವನ್ನು ತೊಡಿಸಲಾಗಿತ್ತು. ಜಾಖ್ವಾತೋವಿಚ್ ಅದನ್ನು ಬಿಟ್ಟು ಮಧ್ಯಯುಗದ ಸರಳ ರೂಪವನ್ನು ಊಹಿಸಿ ಕಟ್ಟಿಸಿದರು. ಹೀಗೆ ಬದುಕಿದ್ದವರಾರೂ ನೋಡಿರದ ಒಂದು ಚರ್ಚು ಎದ್ದಿತು. ಕಳೆದುಹೋದುದನ್ನು ಹಾಗೆಯೇ ತರುವುದು ಉದ್ದೇಶವಾಗಿದ್ದರೆ ಇದು ಅಷ್ಟು ಸಮರ್ಥನೀಯವಲ್ಲ ಎಂದೇ ಹೇಳಬೇಕಾಗುತ್ತದೆ. ಚರ್ಚಿನ ಪಕ್ಕದ ಓಣಿಯ ಗೋಡೆಯಲ್ಲಿ ಕಬ್ಬಿಣದ ಒಂದು ಸರಪಳಿ ಪಟ್ಟಿಯನ್ನು ಹುದುಗಿಸಿದ್ದಾರೆ. ಸಿಡಿಮದ್ದನ್ನು ಹೊತ್ತು, ಚಾಲಕನಿಲ್ಲದೆ ಚಲಿಸಿ ಬಂದು ಗೋಡೆಗಳನ್ನು ಸ್ಫೋಟಿಸುತ್ತಿದ್ದ ಜರ್ಮನ್ ಯಂತ್ರವೊಂದರ ಅವಶೇಷ ಅದು.

ಚರ್ಚಿನ ಹಿಂದೆ ಕನೋನ್ಯಾ ಎಂಬ ಮೂಲೆಯಂಥ ಪುಟ್ಟ ಚೌಕವಿದೆ. ಅದರ ನಡುವೆ 1646ರಲ್ಲಿ ಎರಕ ಹೊಯ್ದ ದೊಡ್ಡ ಗಂಟೆಯೊಂದು ನೆಲದ ಮೇಲೆ ಕುಳಿತಿದೆ. ಅದನ್ನು ಎರಕ ಹೊಯ್ದ ದನಿಯೆಲ್ ತಿಮ್ ಎಂಬವನೇ ಜಿಗ್ಮುಂಟ್ ದೊರೆಯ ಪ್ರತಿಮೆಯನ್ನೂ ಎರಕ ಹೊಯ್ದನು. ಬಿರುಕು ಬಿಟ್ಟ ಗಂಟೆಯದು. ಅದನ್ನು ಮೂರು ಸುತ್ತು ಬಂದರೆ ಇಷ್ಟಾರ್ಥ ನೆರವೇರುತ್ತದೆಂಬ ನಂಬಿಕೆಯಿಂದ ಪ್ರವಾಸಿಗಳು ಪ್ರದಕ್ಷಿಣೆ ಹಾಕುತ್ತಿರುತ್ತಾರೆ.

ಪೇಟೆಯ ಹೃದಯವೆಂದರೆ ಸಂತೆಯ ಚೌಕ. 90 ಮೀಟರು ಉದ್ದ, 73 ಮೀಟರು ಅಗಲದ ಈ ಬಯಲಿನ ನಾಲ್ಕು ಕಡೆಯೂ ವರ್ತಕರ ಮನೆಗಳು. ಒಂದೆರಡನ್ನು ಬಿಟ್ಟರೆ ಇವೆಲ್ಲವೂ 1944ರಲ್ಲಿ ಸುಟ್ಟು ಕುಸಿದಿದ್ದವು. ಅವಶೇಷಗಳನ್ನು ತೆಗೆಯುವಾಗ ಕೆಲಸಗಾರರು ಇಟ್ಟಿಗೆಗಳನ್ನು ಒಂದೊಂದಾಗಿ ಆರಿಸಿದರು. ಕೆತ್ತನೆಯ ಕಲ್ಲು ಸಿಕ್ಕಿದರೆ ಅದು ಯಾವ ಮನೆಯದೆಂದು ಪತ್ತೆಹಚ್ಚಿ ಅದೇ ಮನೆಯ ಗೋಡೆಗೆ ಸೇರಿಸಿದರು. ಗಾರೆ ಉದುರಿದ್ದರಿಂದ, ಯಾರಿಗೂ ತಿಳಿಯದೆ ಒಳಗೆ ಹೂತಿದ್ದ ಮಧ್ಯಯುಗದ ಕಮಾನುಗಳು ಬೆಳಕಿಗೆ ಬಂದವು. ಆದರೆ ಎಲ್ಲವನ್ನೂ ಇದ್ದಂತೆ ಕಟ್ಟಲಿಲ್ಲ. ಹಿಂದೆ ಈ ಮನೆಗಳ ಹಿತ್ತಿಲುಗಳಲ್ಲಿ ಗಾಳಿ ಬೆಳಕಿಲ್ಲದ ಕಟ್ಟಡಗಳು ಕಿಕ್ಕಿರಿದಿದ್ದವು. ಬಡವರು ಅಲ್ಲಿ ಒತ್ತೊತ್ತಾಗಿ ಬಾಳುತ್ತಿದ್ದರು. ಅವನ್ನು ಕೈಬಿಟ್ಟು ಅಂಗಳಗಳನ್ನು ತೆರವಾಗಿ ಬಿಟ್ಟರು. ಮುಂಭಾಗ ಹಳೆಯದು, ಒಳಗೆ ಹೊಸ ಕಾಲದ ವಸತಿ. ಗೋಡೆಯ ಮೇಲಿನ ಚಿತ್ತಾರಗಳಲ್ಲಿ ಅನೇಕವು 1950ರ ದಶಕದ ಕಲಾವಿದರ ಸ್ವಂತ ಕೃತಿಗಳು. 1953ರ ಜುಲೈ 22ರಂದು ಚೌಕವನ್ನು ನಾಗರಿಕರಿಗೆ ಒಪ್ಪಿಸಲಾಯಿತು.

ಇಷ್ಟೊಂದು ಇಟ್ಟಿಗೆ ಎಲ್ಲಿಂದ ಬಂತು? ವಾರ್ಸಾದ ಅವಶೇಷಗಳು ಸಾಲಲಿಲ್ಲ. ಯುದ್ಧದ ಬಳಿಕ ಪೋಲೆಂಡಿಗೆ ಸೇರಿದ ವ್ರೋತ್ಸ್ವಾಫ್ ಮುಂತಾದ ಪಶ್ಚಿಮದ ಊರುಗಳಿಂದ ರೈಲುಗಾಡಿಗಳಲ್ಲಿ ಇಟ್ಟಿಗೆ ತುಂಬಿ ಕಳುಹಿಸಲಾಯಿತು. ಅಲ್ಲಿ ಸರಿಪಡಿಸಬಹುದಾಗಿದ್ದ ಕಟ್ಟಡಗಳನ್ನೂ ಇದಕ್ಕಾಗಿ ಕೆಡವಿದ್ದುಂಟು. ಒಂದೂರಿನ ಗಾಯಕ್ಕೆ ಪಟ್ಟಿ ಕಟ್ಟಲು ಇನ್ನೊಂದೂರಿನ ಬಟ್ಟೆಯನ್ನು ಹರಿದಂತಾಯಿತು. ವಾರ್ಸಾದ ಸಾಹಸವನ್ನು ಹೊಗಳುವ ಪುಸ್ತಕಗಳು ಈ ಸಂಗತಿಯನ್ನು ಬೇಗ ದಾಟಿಬಿಡುತ್ತವೆ.

ಚೌಕದ ಮಧ್ಯದಲ್ಲಿ ಕತ್ತಿಗುರಾಣಿಗಳನ್ನು ಹಿಡಿದ ಮತ್ಸ್ಯಕನ್ಯೆಯ ಪ್ರತಿಮೆಯಿದೆ. ಅವಳು ವಾರ್ಸಾ ನಗರದ ಲಾಂಛನ. ತನ್ನನ್ನು ಸೆರೆಯಿಂದ ಬಿಡಿಸಿದ ಬೆಸ್ತರಿಗೆ ‘ಆಪತ್ತಿನಲ್ಲಿ ಕಾಯುವೆ’ ಎಂದು ಮಾತು ಕೊಟ್ಟವಳೆಂದು ಐತಿಹ್ಯ. ಪ್ರತಿಮೆಯು 1855ರದು. ಬಿಸಿಲು ಮಳೆಗೆ ಸವೆದ ಮೂಲಪ್ರತಿಮೆಯನ್ನು 2008ರಲ್ಲಿ ವಸ್ತುಸಂಗ್ರಹಾಲಯಕ್ಕೆ ಒಯ್ದು ಚೌಕದಲ್ಲಿ ಅದರ ಪ್ರತಿಯನ್ನು ನಿಲ್ಲಿಸಿದರು. ಪುನಃ ಕಟ್ಟಿದ ಮನೆಗಳ ನಡುವೆ ಪುನಃ ಮಾಡಿದ ಕಾವಲುಗಾರ್ತಿ!

1980ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊಸದಾಗಿ ಕಟ್ಟಿದುದನ್ನು ಪರಂಪರೆ ಎನ್ನಬಹುದೇ ಎಂದು ವಿದ್ವಾಂಸರು ಚರ್ಚಿಸಿದರು. ಮಧ್ಯಯುಗದ ಪೇಟೆಯೆಂದು ಅದಕ್ಕೆ ಮನ್ನಣೆ ಸಿಗಲಿಲ್ಲ. ಒಂದು ನಗರಭಾಗವನ್ನು ಬಹುಮಟ್ಟಿಗೆ ಸಂಪೂರ್ಣವಾಗಿ ಪುನರ್ನಿರ್ಮಿಸಿದ ಅಸಾಧಾರಣ ನಿದರ್ಶನವೆಂದು ಸಿಕ್ಕಿತು. ಪುನರ್ನಿರ್ಮಾಣ ಕಚೇರಿಯ ದಾಖಲೆಗಳು 2011ರಲ್ಲಿ ಅದೇ ಸಂಸ್ಥೆಯ ‘ವಿಶ್ವದ ಸ್ಮೃತಿ’ ಎಂಬ ಪಟ್ಟಿಯನ್ನು ಸೇರಿದವು.

ಸಂತೆಯ ಚೌಕವನ್ನು ದಾಟಿ ಉತ್ತರಕ್ಕೆ ನಡೆದರೆ ಪೇಟೆಯ ಕೋಟೆಗೋಡೆ ಎದುರಾಗುತ್ತದೆ. 1548ರಲ್ಲಿ ಕಟ್ಟಿದ ದುಂಡನೆಯ ಹೆಬ್ಬಾಗಿಲು ಕೋಟೆ, ‘ಬಾರ್ಬಿಕನ್’, ಇಲ್ಲಿ ಮತ್ತೆ ತಲೆಯೆತ್ತಿದೆ. ಗೋಡೆಯನ್ನೇ ಅನುಸರಿಸಿ ತುಸು ಹೊರಬದಿಗೆ ಸಾಗಿದವನಿಗೆ ಹುಡುಗನೊಬ್ಬನ ಕಂಚಿನ ಪ್ರತಿಮೆ ಕಾಣುತ್ತದೆ. ಎತ್ತರ ಹೆಚ್ಚಿಲ್ಲ. ದೊಡ್ಡವರ ಶಿರಸ್ತ್ರಾಣವು ಅವನ ಹುಬ್ಬುಗಳವರೆಗೆ ಜಾರಿದೆ, ಕಾಲಲ್ಲಿ ಅಳತೆ ಮೀರಿದ ಬೂಟುಗಳು, ಕೊರಳಲ್ಲಿ ಬಂದೂಕು. 1944ರ ಬಂಡಾಯದಲ್ಲಿ ಸ್ಕೌಟ್ ಬಾಲಕ ಬಾಲಕಿಯರು ಗುಂಡುಗಳ ನಡುವೆ ಓಡಾಡಿ ಪತ್ರಗಳನ್ನೂ ಸಂದೇಶಗಳನ್ನೂ ಮುಟ್ಟಿಸುತ್ತಿದ್ದರು. ಅವರಲ್ಲಿ ಒಂಬತ್ತನೆಯ ತರಗತಿಯ ವಯಸ್ಸಿನವರಿದ್ದರು, ಅದಕ್ಕಿಂತ ಚಿಕ್ಕವರೂ ಇದ್ದರು. 1983ರಲ್ಲಿ ಅನಾವರಣಗೊಂಡ ಈ ಪ್ರತಿಮೆಯ ಬುಡದಲ್ಲಿ ಸದಾ ಹೂಗಳಿರುತ್ತವೆ. ಮಗುವಿನ ಕೈಗೆ ಬಂದೂಕು ಕೊಟ್ಟು ಕೊಂಡಾಡುವುದು ಸರಿಯೇ ಎಂದು ಆಕ್ಷೇಪಿಸಿದವರೂ ಆ ದೇಶದಲ್ಲಿದ್ದಾರೆ. ಹತ್ತಿರ ನಿಂತು ಆ ಹುಡುಗನ ಮುಖವನ್ನು ನೋಡಿದವರಿಗೆ ಅಲ್ಲಿ ವೀರಾವೇಶ ಕಾಣುವುದಿಲ್ಲ.

ಬಾರ್ಬಿಕನ್ನಿನ ಆಚೆಗೆ ಫ್ರೇತಾ ಬೀದಿ ಆರಂಭವಾಗುತ್ತದೆ. ಇದು ಹೊಸ ಪೇಟೆ. ಹೆಸರಿಗೆ ಹೊಸದು, ಇದೂ ಮಧ್ಯಯುಗದ್ದೇ. ಈ ಬೀದಿಯ 16ನೆಯ ಸಂಖ್ಯೆಯ ಮನೆಯಲ್ಲಿ 1867ರಲ್ಲಿ ಮಾರಿಯಾ ಸ್ಕ್ಲೊದೋವ್ಸ್ಕಾ ಹುಟ್ಟಿದರು. ಮುಂದೆ ರೇಡಿಯಂ ಧಾತುವನ್ನು ಕಂಡುಹಿಡಿದ ಮೇರಿ ಕ್ಯೂರಿ ಅವರೇ. ಆ ಮನೆಯೂ 1944ರಲ್ಲಿ ನಾಶವಾಗಿ ಮತ್ತೆ ಎದ್ದುದು. ಈಗ ಅದು ಅವರ ಸ್ಮಾರಕ ಸಂಗ್ರಹಾಲಯ.

ಬಹುಪಾಲು ಪ್ರವಾಸಿಗಳು ಇಲ್ಲಿಂದ ಹಿಂದಿರುಗುತ್ತಾರೆ. ಆದರೆ ಪಶ್ಚಿಮಕ್ಕೆ ಇನ್ನೂ ಕೆಲವು ನಿಮಿಷ ನಡೆಯುವುದುಂಟು. ಮೊದಲು ಸಿಗುವುದು ಕ್ರಾಶಿನ್ಸ್ಕಿ ಚೌಕ. 1944ರ ಸೆಪ್ಟೆಂಬರಿನ ಮೊದಲಲ್ಲಿ ಹಳೆಯ ಪೇಟೆಯು ಶತ್ರುವಶವಾಗುವುದು ಖಚಿತವಾದಾಗ ಸುಮಾರು 5000 ಹೋರಾಟಗಾರರು ಇಲ್ಲಿ ನೆಲದಡಿಯ ಚರಂಡಿಗೆ ಇಳಿದು, ಸೊಂಟದ ಮಟ್ಟದ ಕೊಳೆನೀರಿನಲ್ಲಿ ಕತ್ತಲೆಯಲ್ಲಿ ಸಾಗಿ, ನಗರದ ಮಧ್ಯಭಾಗವನ್ನು ಸೇರಿದರು.

ಅದರ ಆಚೆಗಿನದು ಬೇರೊಂದು ಲೋಕದ ನೆಲ. 1940ರ ನವೆಂಬರಿನಲ್ಲಿ ಜರ್ಮನರು ಇಲ್ಲಿಂದ ಪಶ್ಚಿಮದ ಭಾಗವನ್ನು ಎತ್ತರದ ಗೋಡೆಯಿಂದ ಸುತ್ತುವರಿದು, ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದಿಗಳನ್ನು ಒಳಗೆ ಕೂಡಿಹಾಕಿದರು. ಹಸಿವು ಮತ್ತು ರೋಗಗಳಿಂದ ಸಾಯದೆ ಉಳಿದವರಲ್ಲಿ ಬಹುಮಂದಿಯನ್ನು 1942ರಲ್ಲಿ ತ್ರೆಬ್ಲಿಂಕಾದ ಕೊಲೆಗಾರ ಶಿಬಿರಕ್ಕೆ ಸಾಗಿಸಿ ಕೊಂದರು. 1943ರ ಏಪ್ರಿಲಿನಲ್ಲಿ ಅಲ್ಲಿ ಉಳಿದವರು ಬಂಡೆದ್ದು ಹೋರಾಡಿ ಮಡಿದ ಮೇಲೆ ಆ ಭಾಗವನ್ನು ಸಂಪೂರ್ಣವಾಗಿ ನೆಲಸಮ ಮಾಡಿದರು. ಈ ಬೀದಿಗಳನ್ನು ಯಾರೂ ಇದ್ದಂತೆ ಮತ್ತೆ ಕಟ್ಟಲಿಲ್ಲ. ಹಳೆಯ ಪೇಟೆಗೆ ತಿರುಗಿ ಬಂದು ಒಲೆ ಹೂಡುವ ಜನರಿದ್ದರು, ಅಳತೆ ಬರೆದಿಟ್ಟ ಕಾಗದಗಳಿದ್ದವು, ‘ನಮ್ಮದು’ ಎನ್ನುವ ನಾಡಿತ್ತು. ಇಲ್ಲಿ ‘ನಮ್ಮ ಮನೆ ಹೀಗಿತ್ತು’ ಎಂದು ಬೆರಳಿಟ್ಟು ತೋರಿಸಲು ಬಹುತೇಕ ಯಾರೂ ಉಳಿದಿರಲಿಲ್ಲ. ರಾಶಿಬಿದ್ದ ಅವಶೇಷಗಳನ್ನು ಪೂರ್ತಿ ತೆಗೆಯುವುದೂ ಆಗದೆ, ಅವುಗಳ ಮೇಲೆಯೇ ಮುರಾನೂಫ್ ಎಂಬ ಹೊಸ ವಸತಿಯನ್ನು ಎಬ್ಬಿಸಿದರು. ಅಲ್ಲಿಯ ಕೆಲವು ಮನೆಗಳು ಇಂದಿಗೂ ಬೀದಿಗಿಂತ ಎತ್ತರದ ದಿಣ್ಣೆಗಳ ಮೇಲಿವೆ. ಮೆಟ್ಟಿಲು ಹತ್ತಿ ಅವುಗಳ ಬಾಗಿಲನ್ನು ಸೇರಬೇಕು.

ಆ ಗೋಡೆಯು ಹಾದುಹೋಗಿದ್ದ ಜಾಗವನ್ನು 2008ರಿಂದೀಚೆಗೆ ಅನೇಕ ಕಡೆ ಪಾದಚಾರಿ ಹಾದಿಯಲ್ಲಿ ಗುರುತಿಸಿದ್ದಾರೆ. ಎರಕದ ಕಬ್ಬಿಣದ ಕಿರಿದಾದ ಪಟ್ಟಿಗಳು ನೆಲಕ್ಕೆ ಸಮನಾಗಿ ಕೂತಿವೆ. ಅವುಗಳ ಮೇಲೆ ‘ಗೆಟ್ಟೊ ಗೋಡೆ’ ಎಂಬ ಮಾತೂ 1940–1943 ಎಂಬ ಇಸವಿಗಳೂ ಇವೆ. ಕೆಲಸಕ್ಕೆ ಹೊರಟವರು, ಶಾಲೆಗೆ ಹೊರಟ ಮಕ್ಕಳು ಅದನ್ನು ದಾಟಿ ಹೋಗುತ್ತಿರುತ್ತಾರೆ. ವಾಹನದಲ್ಲಿ ಕುಳಿತವನಿಗೆ ಅದು ಕಾಣಿಸುವುದಿಲ್ಲ.